ಮರದ ಹಿಂದೆ ಅದೇ ಮರ ಯಾಕೆ?

ಬೋನ್ಸಾಯ್, ಅಂದರೆ ಕುಂಡದಲ್ಲಿ ಬೆಳೆಸುವ ಪುಟ್ಟ ಮರವನ್ನು ಚಿತ್ರಪಟದ ಜೊತೆ ಜೋಡಿಸಿ ಇಡುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ಪೈನ್ ಬೋನ್ಸಾಯ್ ಜೊತೆಗೆ ಪೈನ್ ಮರದ್ದೇ ಚಿತ್ರಪಟ ತೂಗುಹಾಕಿದರೆ ಹೊಂದುತ್ತದೆ ಅಂದಿದ್ದೀರಿ, ಅದನ್ನು ಮಾತ್ರ ಒಪ್ಪಲಾರೆ. ಜಪಾನಿನವರು ಸಾಮಾನ್ಯವಾಗಿ ತಪ್ಪಿಸುವುದೇ ಇದನ್ನು. ಮರ ಕಣ್ಣೆದುರೇ ಇದೆ, ಮತ್ತೆ ಅದನ್ನೇ ಯಾಕೆ ಬರೆಯಬೇಕು? ಪಟದಲ್ಲಿ ಇರಬೇಕಾದ್ದು ಅಲ್ಲಿ ಇಲ್ಲದ್ದು: ದೂರದ ಬೆಟ್ಟ, ಚಂದ್ರ, ಹಾರುವ ಹಕ್ಕಿ. ಎಲೆ ಉದುರಿದ ಮೇಪಲ್ ಪಕ್ಕ ಬರೀ ಒಂದು ಚಂದ್ರನ ಪಟ ಇಟ್ಟು ನೋಡಿ, ಶರತ್ಕಾಲದ ಕೊನೆ ಅಂತ ಯಾರೂ ಹೇಳಬೇಕಿಲ್ಲ.

ಋತು ಹೊಂದಬೇಕು, ಅದಂತೂ ಸರಿ. ಜಾಸ್ತಿ ಬಣ್ಣದ, ತುಂಬಿ ತುಳುಕುವ ಚಿತ್ರ ಮರವನ್ನೇ ನುಂಗಿಬಿಡುತ್ತದೆ. ಮಸಿಯಲ್ಲಿ ನಾಲ್ಕು ಗೆರೆ ಎಳೆದು ಮಿಕ್ಕಿದ್ದನ್ನು ಖಾಲಿ ಬಿಟ್ಟ ಪಟವೇ ವಾಸಿ. ಹಕ್ಕಿ ಇದ್ದರೆ ಅದು ಮರದ ಕಡೆಗೆ ಹಾರುತ್ತಿರಲಿ. ಹೊರಗೆ ಮುಖ ಮಾಡಿದರೆ ನೋಡುವವರ ಕಣ್ಣೂ ಅದರ ಹಿಂದೆ ಹೋಗುತ್ತದೆ, ಅಲ್ವಾ? ಮರವನ್ನು ಪಟದ ನೇರ ಮುಂದೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ. ಕೊಂಬೆ ಚಿತ್ರವನ್ನಾಗಲಿ ಕಲಾವಿದರ ಮುದ್ರೆಯನ್ನಾಗಲಿ ಮುಚ್ಚಬಾರದು.

ಟೋಕಿಯೊ ಹತ್ತಿರದ ಒಮಿಯಾದಲ್ಲಿ 2010ರಲ್ಲಿ ಶುರುವಾದ ಬೋನ್ಸಾಯ್ ಮ್ಯೂಸಿಯಂ ಇದೆ. ಅಲ್ಲಿ ಬಿಗುವಿನ ಶೈಲಿಯಿಂದ ಸರಳ ಶೈಲಿಯವರೆಗೆ ಬೇರೆ ಬೇರೆ ಕೋಣೆ ಮಾಡಿ, ಮರ, ಪಟ ಎರಡನ್ನೂ ಜೋಡಿಸಿ ಇಟ್ಟಿರುತ್ತಾರೆ. ಮುಂದಿನ ಲೇಖನದಲ್ಲಿ ಆ ಕೋಣೆಗಳ ಫೋಟೊ ಹಾಕಿ.