ಡಿಕ್ರಿ ಕೈಗೆ ಬಂತು, ದುಡ್ಡು ಎಲ್ಲಿ?

ಕೈಗಡ ಕೊಟ್ಟು ವಾಪಸು ಬರದೆ ಕೋರ್ಟಿಗೆ ಹೊರಟವರು ವಕೀಲರನ್ನು ಮೊದಲು ಕೇಳುವುದು "ಸಾರ್, ಕೇಸು ಗೆಲ್ಲುತ್ತಾ?" ಅಂತ. ಸಾಕ್ಷಿ ಸರಿಯಾಗಿದ್ದರೆ ಸಾಲದ ಕೇಸು ಗೆಲ್ಲುವುದು ಅಷ್ಟೇನೂ ಕಷ್ಟವಲ್ಲ. ಗೆದ್ದ ಮೇಲೆ ಸಾಲಗಾರನ ಹತ್ತಿರ ಕಾನೂನು ಮುಟ್ಟಲು ಬಿಡುವಂಥದ್ದು ಏನಿದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಅಲ್ಲೇ ಎಲ್ಲರೂ ಎಡವುವುದು.

ಬ್ಯಾಂಕಿನವರ ಹತ್ತಿರ ಮನೆ ಪತ್ರ ಇರುತ್ತದೆ. ಚಿನ್ನದ ಮೇಲೆ ಕೊಟ್ಟವರ ಹತ್ತಿರ ಚಿನ್ನ ಇರುತ್ತದೆ. ಕೈಗಡ ಕೊಟ್ಟವರ ಹತ್ತಿರ ಇರುವುದು ಒಂದು ಪ್ರೋನೋಟು (ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರ), ಒಂದು ಚೆಕ್ಕು, ಇಲ್ಲವೇ ಬರೀ ಫೋನ್‌ಪೇ ಲೆಕ್ಕ. ಕೋರ್ಟು ಜಪ್ತಿ ಆದೇಶ ಮಾಡುವ ದಿನದವರೆಗೂ ಸಾಲಗಾರನ ಯಾವ ಆಸ್ತಿಯ ಮೇಲೂ ನಿಮಗೆ ಹಿಡಿತವಿಲ್ಲ. ಅವನು ಸೈಟು ಮಾರಬಹುದು, ಹೆಂಡತಿ ಹೆಸರಿಗೆ ದಾನಪತ್ರ ಬರೆದುಕೊಡಬಹುದು.

ಮೊದಲು ಕಾಲಮಿತಿ. ಮೂರು ವರ್ಷ. "ನಾನು ಕೇಳಿದ್ದೇ ಹೋದ ವರ್ಷ, ಅಲ್ಲಿಂದ ಮೂರು ವರ್ಷ ಇದೆ" ಅನ್ನುವ ಲೆಕ್ಕ ತಪ್ಪು. "ಕೇಳಿದಾಗ ಕೊಡುತ್ತೇನೆ" ಅಂತ ಬರೆದ ಪ್ರೋನೋಟಿಗೆ ಅದರ ಮೇಲಿನ ತಾರೀಖಿನಿಂದಲೇ ಮೂರು ವರ್ಷ. ಬಾಯಿಮಾತಿನ ಸಾಲಕ್ಕೆ ದುಡ್ಡು ಕೊಟ್ಟ ದಿನದಿಂದ. ಮಧ್ಯೆ ಎಷ್ಟು ಸಲ ಕೇಳಿದಿರಿ, ಎಷ್ಟು ನೋಟಿಸ್ ಕೊಟ್ಟಿರಿ ಅನ್ನುವುದು ಗಡಿಯಾರವನ್ನು ನಿಲ್ಲಿಸುವುದಿಲ್ಲ. ಹೊಸದಾಗಿ ಮೂರು ವರ್ಷ ಸಿಗಬೇಕಾದರೆ, ಹಳೆಯ ಅವಧಿ ಮುಗಿಯುವ ಮೊದಲೇ, ಸಾಲಗಾರನ ಸಹಿ ಇರುವ ಬರಹದಲ್ಲಿ ಸಾಲ ಒಪ್ಪಿಕೊಂಡಿರಬೇಕು, ಅಥವಾ ಭಾಗಶಃ ಕೊಟ್ಟದ್ದಕ್ಕೆ ಅವನ ಕೈಬರಹವೋ ಸಹಿಯೋ ಇರಬೇಕು. ಹಿಂದಿನವರು ಪ್ರೋನೋಟಿನ ಬೆನ್ನಿಗೆ "ಈ ದಿನ ಇಷ್ಟು ಜಮಾ" ಅಂತ ಷರಾ ಬರೆಸಿ ಸಹಿ ಹಾಕಿಸುತ್ತಿದ್ದುದು ಇದಕ್ಕೇ. ನೀವೇ ಡೈರಿಯಲ್ಲಿ ಬರೆದುಕೊಂಡರೆ ಉಪಯೋಗವಿಲ್ಲ. ಅವಧಿ ಮುಗಿದೇ ಹೋಗಿದ್ದರೆ, ಒಪ್ಪಂದ ಕಾಯ್ದೆಯ 25(3)ರಂತೆ ಸಾಲಗಾರ ಹೊಸದಾಗಿ "ಕೊಡುತ್ತೇನೆ" ಎಂದು ಬರೆದು ಸಹಿ ಮಾಡಿಕೊಡುವುದೊಂದೇ ದಾರಿ.

ಇನ್ನು ಪ್ರೋನೋಟಿನ ವಿಷಯ. ರೆವಿನ್ಯೂ ಸ್ಟ್ಯಾಂಪು ಅಂಟಿಸಿ ಅದರ ಮೇಲೆ ಹಾದುಹೋಗುವಂತೆ ಸಹಿ ಹಾಕಿಸುವುದನ್ನು ಎಷ್ಟೋ ಜನ ಶಾಸ್ತ್ರಕ್ಕೆ ಮಾಡುತ್ತಾರೆ, ಕೆಲವರು ಮರೆತೇ ಬಿಡುತ್ತಾರೆ. ಬೇರೆ ಬಹುತೇಕ ದಸ್ತಾವೇಜುಗಳಿಗೆ ಸ್ಟ್ಯಾಂಪು ಕಡಿಮೆಯಾದರೆ ದಂಡ ಕಟ್ಟಿ ಸರಿಮಾಡಿಸಿಕೊಳ್ಳಬಹುದು. ಪ್ರೋನೋಟಿಗೆ ಆ ಅವಕಾಶವೇ ಇಲ್ಲ, ಸ್ಟ್ಯಾಂಪು ಇಲ್ಲದಿದ್ದರೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಒಂದು ರೂಪಾಯಿಯ ಸ್ಟ್ಯಾಂಪಿಗೆ ಐದು ಲಕ್ಷದ ಕಾಗದ ಸತ್ತುಹೋಗುತ್ತದೆ. ಇನ್ನೊಂದು ಸೂಕ್ಷ್ಮ: ಸಾಕ್ಷಿದಾರರ ಸಹಿ ಹಾಕಿಸಿ, "ನಿಮಗಾಗಲೀ ನೀವು ಆರ್ಡರು ಮಾಡಿದವರಿಗಾಗಲೀ" ಅನ್ನುವ ಮಾತು ಬಿಟ್ಟರೆ ಅದು ಪ್ರೋನೋಟಲ್ಲ, ಬಾಂಡು ಅಂತ ಎದುರಿನ ವಕೀಲರು ತಕರಾರು ತೆಗೆಯುತ್ತಾರೆ. ಆಗ ಸ್ಟ್ಯಾಂಪು ಶುಲ್ಕವೂ ದಂಡವೂ ಬೀಳುತ್ತದೆ. ಬಡ್ಡಿ ದರ ಬರೆಯದೇ ಬಿಟ್ಟ ಪ್ರೋನೋಟಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 80ನೇ ಕಲಂ ವರ್ಷಕ್ಕೆ ಶೇ. 18 ಹಾಕುತ್ತದೆ ಅನ್ನುವುದು ಅನೇಕ ಸಾಲಗಾರರಿಗೆ ಗೊತ್ತೇ ಇರುವುದಿಲ್ಲ.

ಬಡ್ಡಿ ವ್ಯವಹಾರವನ್ನೇ ಕಸುಬು ಮಾಡಿಕೊಂಡವರಿಗೆ ಬೇರೆ ಲೆಕ್ಕ. ಕರ್ನಾಟಕ ಲೇವಾದೇವಿದಾರರ ಕಾಯ್ದೆ 1961ರ ಪ್ರಕಾರ, ಸಾಲ ಕೊಟ್ಟ ದಿನ ಲೈಸೆನ್ಸ್ ಇರದಿದ್ದರೆ ಕೋರ್ಟು ಡಿಕ್ರಿ (ಹಣ ಕೊಡಬೇಕೆಂಬ ತೀರ್ಪಿನ ಆದೇಶ) ಕೊಡುವಂತಿಲ್ಲ. ಸ್ನೇಹಿತನಿಗೆ ಒಮ್ಮೆ ಕೊಟ್ಟ ಕೈಗಡಕ್ಕೆ ಇದು ಅನ್ವಯಿಸುವುದಿಲ್ಲ. ಆದರೆ ಪಾಟೀ ಸವಾಲಿನಲ್ಲಿ "ನೀವು ಇನ್ನೂ ನಾಲ್ಕು ಜನರ ಮೇಲೆ ಇಂಥದೇ ಕೇಸು ಹಾಕಿದ್ದೀರಲ್ಲ" ಅಂತ ಪಟ್ಟಿ ಮುಂದಿಟ್ಟರೆ ಉತ್ತರ ಕೊಡುವುದು ಕಷ್ಟ. ಮನೆಮುಂದೆ ಜನ ಕಳಿಸಿ ವಸೂಲಿ ಮಾಡುವ ಫೈನಾನ್ಸಿನವರ ಮೇಲೆ 2025ರ ಕಿರುಸಾಲ ಕಾಯ್ದೆಯೂ ಬಂದಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಠಾಣೆಗೆ ಹೋಗಿ "420 ಹಾಕಿಸ್ತೀನಿ" ಅನ್ನುವುದೂ ಫಲ ಕೊಡುವುದಿಲ್ಲ. ಸಾಲ ತೀರಿಸದಿರುವುದೊಂದೇ ವಂಚನೆಯಾಗುವುದಿಲ್ಲ, ಸಾಲ ವಸೂಲಿ ಪೊಲೀಸರ ಕೆಲಸವೂ ಅಲ್ಲ.

ಚೆಕ್ಕು ಇದ್ದವರು ಸಾಮಾನ್ಯವಾಗಿ ಅದೇ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ, ಅಂದರೆ ಚೆಕ್ ಬೌನ್ಸ್ ಕೇಸಿನ ದಾರಿ ಹಿಡಿಯುತ್ತಾರೆ, ಹಿಡಿಯಬೇಕಾದ್ದೂ ಅದೇ. ಇಲ್ಲಿ ದಿನಗಳ ಲೆಕ್ಕವೇ ಸರ್ವಸ್ವ. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ 3 ತಿಂಗಳು. ಬೌನ್ಸ್ ಆಯಿತು ಅಂತ ಬ್ಯಾಂಕ್ ಮೆಮೋ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು ಸಾಲಗಾರನಿಗೆ 15 ದಿನ. ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಅವಸರಪಟ್ಟು 14ನೇ ದಿನ ದೂರು ಹಾಕಿದರೆ ಅದು ದೂರೇ ಅಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ನೋಟಿಸಿನಲ್ಲಿ ಕೇಳಬೇಕಾದ್ದು ಚೆಕ್ಕಿನ ಮೊತ್ತ. ಬಡ್ಡಿ, ವಕೀಲರ ಫೀ, ಮಾನಸಿಕ ಹಿಂಸೆ ಎಲ್ಲ ಸೇರಿಸಿ ಒಂದೇ ಮೊತ್ತ ಬರೆದರೆ ನೋಟಿಸೇ ಬಿದ್ದುಹೋಗುತ್ತದೆ. ಚೆಕ್ಕು ಬ್ಯಾಂಕಿಗೆ ಹಾಕುವ ಮೊದಲೇ ಅವನು ಅರ್ಧ ಕೊಟ್ಟಿದ್ದರೂ ಪೂರ್ತಿ ಮೊತ್ತಕ್ಕೇ ಹಾಕಿದರೆ, ಅದೂ ಕೈಕೊಡುತ್ತದೆ. ಕೊಟ್ಟಷ್ಟನ್ನು ಚೆಕ್ಕಿನ ಮೇಲೆ ಬರೆದು ಉಳಿದದ್ದಕ್ಕೆ ಹಾಕಬೇಕು, ಇಲ್ಲವೇ ಹೊಸ ಚೆಕ್ಕು ತೆಗೆದುಕೊಳ್ಳಬೇಕು. ದೂರು ಹಾಕುವುದು ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ.

ಈ ಕೇಸುಗಳ ಗತಿ ನಿರ್ಧರಿಸಿದ ಎರಡು ತೀರ್ಪುಗಳೂ ಕರ್ನಾಟಕದಿಂದಲೇ ಹೋದವು. 2010ರ ರಂಗಪ್ಪ ಪ್ರಕರಣದಲ್ಲಿ, ಚೆಕ್ಕಿನ ಸಹಿ ಒಪ್ಪಿಕೊಂಡರೆ ಸಾಲ ಇತ್ತು ಅಂತಲೇ ಕೋರ್ಟು ಭಾವಿಸಿಕೊಳ್ಳಬೇಕು, ಇರಲಿಲ್ಲ ಅನ್ನುವುದನ್ನು ಆರೋಪಿಯೇ ತೋರಿಸಬೇಕು ಎಂದಾಯಿತು. 2019ರ ಬಸಲಿಂಗಪ್ಪ ಪ್ರಕರಣದಲ್ಲಿ, 6 ಲಕ್ಷ ಕೊಡುವಷ್ಟು ಶಕ್ತಿ ನಿಮಗೆ ಎಲ್ಲಿತ್ತು ಎಂದು ಆರೋಪಿ ಪ್ರಶ್ನೆ ಎತ್ತಿದ ಮೇಲೆ ದೂರುದಾರ ಅದನ್ನು ತೋರಿಸಬೇಕು ಎಂದಾಯಿತು, ಆರೋಪಿ ಬಿಡುಗಡೆಯಾದ. ಹಾಗಾಗಿ ನಗದು ಕೊಟ್ಟವರು ಆ ದುಡ್ಡು ಎಲ್ಲಿಂದ ಬಂತು ಅನ್ನುವ ಕಾಗದವನ್ನು ಮೊದಲ ದಿನವೇ ವಕೀಲರ ಕೈಗಿಡಬೇಕು: ಬ್ಯಾಂಕಿನಿಂದ ತೆಗೆದದ್ದು, ಅಡಿಕೆ ಮಾರಿದ ಚೀಟಿ, ಪಿ.ಎಫ್. ಬಂದದ್ದು, ಏನಾದರೂ ಸರಿ.

138 ಕ್ರಿಮಿನಲ್ ಕೇಸು. ಶಿಕ್ಷೆ ಎರಡು ವರ್ಷದವರೆಗೆ, ದಂಡ ಚೆಕ್ಕಿನ ಎರಡರಷ್ಟರವರೆಗೆ, ಪರಿಹಾರ ಸಾಮಾನ್ಯವಾಗಿ ಆ ದಂಡದಿಂದಲೇ. ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೇಳಬಹುದು (143ಎ), ಅವನು ಮೇಲ್ಮನವಿ ಹಾಕಿದರೆ ಕನಿಷ್ಠ ಶೇ. 20 ಠೇವಣಿ ಇಡಿಸಬಹುದು (148). ಜೈಲಿನ ಹೆದರಿಕೆಯಿಂದ ರಾಜಿಗೆ ಬರುವವರೇ ಹೆಚ್ಚು. ಆದರೆ ಈ ಕೇಸು ನಡೆಯುತ್ತಿದ್ದರೂ ಸಿವಿಲ್ ದಾವೆಯ ಮೂರು ವರ್ಷ ಓಡುತ್ತಲೇ ಇರುತ್ತದೆ. ಚೆಕ್ ಕೇಸು ನಾಲ್ಕನೇ ವರ್ಷ ಬಿದ್ದುಹೋದ ಮೇಲೆ "ಈಗ ದಾವೆ ಹಾಕೋಣ" ಅಂದರೆ ಆಗುವುದಿಲ್ಲ.

ಸಿವಿಲ್ ದಾವೆಗೆ ಹೋಗುವವರು ಕೋರ್ಟ್ ಶುಲ್ಕ ನೋಡಿ ಬೆಚ್ಚುತ್ತಾರೆ. ಕರ್ನಾಟಕದಲ್ಲಿ 5 ಲಕ್ಷದ ದಾವೆಗೆ 30 ಸಾವಿರದ ಮೇಲೆ. ಗೆದ್ದರೆ ಖರ್ಚಿನ ಬಾಬ್ತು ಪ್ರತಿವಾದಿಯ ಮೇಲೆ ಬೀಳುತ್ತದೆ, ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಶುಲ್ಕ ವಾಪಸು ಬರುತ್ತದೆ. ಪ್ರೋನೋಟು, ಚೆಕ್ಕು ಅಥವಾ ನಿಗದಿತ ಮೊತ್ತದ ಬರಹದ ಕರಾರು ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿ.ಪಿ.ಸಿ.) ಆದೇಶ 37ರ ಸಮರಿ ದಾವೆ, ಅಂದರೆ ಚುಟುಕು ವಿಚಾರಣೆಯ ದಾವೆ ಹಾಕಬಹುದು. ಅಲ್ಲಿ ಪ್ರತಿವಾದಿ ಸಮನ್ಸ್ ತಲುಪಿದ 10 ದಿನದೊಳಗೆ ಹಾಜರಾಗಬೇಕು, ಆಮೇಲೆ ವಾದ ಮಾಡಲಿಕ್ಕೂ ಕೋರ್ಟಿನ ಅನುಮತಿ ಬೇಡಬೇಕು. ಹುರುಳಿಲ್ಲದ ತಕರಾರಾದರೆ ನೇರ ಡಿಕ್ರಿ. ಅಂಗಡಿ, ಕಾರ್ಖಾನೆಗೆ ಉದ್ದರಿ ಮಾಲು ಕೊಟ್ಟ ಬಾಕಿ 3 ಲಕ್ಷ ಅಥವಾ ಮೇಲಿದ್ದರೆ ಅದು ವಾಣಿಜ್ಯ ನ್ಯಾಯಾಲಯದ್ದು; ತುರ್ತು ಆದೇಶ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗದೆ ದಾವೆ ಹಾಕುವಂತಿಲ್ಲ, ಹಾಕಿದರೆ ತಿರಸ್ಕಾರ.

ಸಾಲದ ದಾವೆಗಳು ಕೊಳೆಯುವುದು ಸಮನ್ಸಿನ ಹಂತದಲ್ಲಿ. ವಿಳಾಸ ಹಳೆಯದು, ಮನೆಗೆ ಬೀಗ, ಸಮನ್ಸ್ ತಲುಪಿಸುವ ಕೋರ್ಟಿನ ಅಮೀನರು "ಊರಲ್ಲಿಲ್ಲ" ಅಂತ ಷರಾ ಬರೆದು ವಾಪಸು. ಮತ್ತೆ ಪ್ರೋಸೆಸ್ ಫೀ ಕಟ್ಟು, ಮತ್ತೆ ವಾಯಿದೆ. ಮನೆಯ ವಿಳಾಸದ ಜೊತೆ ಕೆಲಸದ ಜಾಗದ ವಿಳಾಸವನ್ನೂ ಮೊದಲೇ ಕೊಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಸಮನ್ಸ್ ಸರಿಯಾಗಿ ಜಾರಿಯಾಗದೆ ಪಡೆದ ಎಕ್ಸ್‌ಪಾರ್ಟಿ ಡಿಕ್ರಿ (ಪ್ರತಿವಾದಿ ಹಾಜರಾಗದೆ ಆದ ಡಿಕ್ರಿ) ನೋಡಿ ಹಿಗ್ಗಬೇಡಿ. ವರ್ಷದ ಮೇಲೆ ಬಂದು "ನನಗೆ ಗೊತ್ತೇ ಇರಲಿಲ್ಲ" ಅಂತ ಅರ್ಜಿ ಹಾಕಿ ತೆಗೆಸಿಹಾಕುತ್ತಾನೆ.

"ದಾವೆ ಹಾಕಿದ ದಿನವೇ ಅವನ ಸೈಟು ಜಪ್ತಿ ಮಾಡಿಸಿ" ಅಂತ ಎಲ್ಲರೂ ಕೇಳುತ್ತಾರೆ. ಆದೇಶ 38 ನಿಯಮ 5ರಲ್ಲಿ ದಾರಿಯಿದೆ. ಆದರೆ ಡಿಕ್ರಿ ತಪ್ಪಿಸಲಿಕ್ಕೇ ಆಸ್ತಿ ಮಾರುತ್ತಿದ್ದಾನೆ ಅನ್ನುವುದಕ್ಕೆ ಆಧಾರ ಬೇಕು: ಯಾರ ಜೊತೆ ಕರಾರು, ಯಾವ ಬ್ರೋಕರು, ಯಾವ ಜಾಹೀರಾತು. ಅಡಮಾನವಿಲ್ಲದ ಸಾಲವನ್ನು ಅಡಮಾನದ ಸಾಲವಾಗಿ ಮಾರ್ಪಡಿಸುವ ಉಪಾಯವಲ್ಲ ಇದು ಅಂತ 2008ರಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ. ಬರೀ "ಮಾರಿಬಿಡಬಹುದು ಅನ್ನುವ ಭಯ" ಅಂತ ಬರೆದ ಅರ್ಜಿಗಳು ವಜಾ ಆಗುತ್ತವೆ.

ಈಗ ಡಿಕ್ರಿ ಆಯಿತು ಅನ್ನಿ. ಡಿಕ್ರಿಯ ನಂತರದ ಬಡ್ಡಿ, ವಾಣಿಜ್ಯ ವ್ಯವಹಾರವಲ್ಲದಿದ್ದರೆ, ಶೇ. 6ಕ್ಕಿಂತ ಹೆಚ್ಚು ಸಿಗುವುದಿಲ್ಲ. ಹೊರಗೆ ಅದಕ್ಕಿಂತ ಹೆಚ್ಚು ದುಡಿಯುವ ದುಡ್ಡನ್ನು ಸಾಲಗಾರ ತೀರಿಸಲು ಯಾಕೆ ಅವಸರ ಮಾಡುತ್ತಾನೆ? ನೀವು ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿಗೆ ತನ್ನಿ ಎಂಬ ಅರ್ಜಿ) ಹಾಕುವವರೆಗೆ ಕೋರ್ಟು ತಾನಾಗಿ ಏನೂ ಮಾಡುವುದಿಲ್ಲ. 12 ವರ್ಷದ ಅವಧಿ ಇದೆ, ಆದರೆ ಎರಡು ವರ್ಷ ದಾಟಿದರೆ ಮತ್ತೊಂದು ನೋಟಿಸಿನ ಸುತ್ತು ಶುರು. ಬೆಂಗಳೂರಿನ ಒಂದು ವ್ಯಾಜ್ಯದಲ್ಲೇ 2021ರಲ್ಲಿ ಸುಪ್ರೀಂ ಕೋರ್ಟು, ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು ಅಂದಿತು. 2025ರ ಅಕ್ಟೋಬರಿನಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕದಲ್ಲಿ ದೇಶದಲ್ಲಿ ಬಾಕಿ ಇದ್ದದ್ದು 8.82 ಲಕ್ಷ ಅಮಲ್ಜಾರಿ ಅರ್ಜಿ. ಕರ್ನಾಟಕದ ಅಂಕಿ ಅದರಲ್ಲಿ ಇರಲೇ ಇಲ್ಲ, ಇಲ್ಲಿಂದ ಕಳಿಸಿರಲಿಲ್ಲ.

ಮುಟ್ಟಲಾಗದ್ದು ಏನೇನು ಅನ್ನುವ ಪಟ್ಟಿ ಸಿ.ಪಿ.ಸಿ. 60ನೇ ಕಲಂನಲ್ಲಿದೆ: ಅಡುಗೆ ಪಾತ್ರೆ, ಹಾಸಿಗೆ, ತಾಳಿ, ಕಸುಬಿನ ಹತಾರ, ರೈತನ ಎತ್ತು, ಬಿತ್ತನೆ ಬೀಜ, ಆ ರೈತ ವಾಸವಿರುವ ಮನೆ, ಪಿ.ಎಫ್., ಜೀವವಿಮೆಯ ಹಣ, ಸರ್ಕಾರಿ ಪಿಂಚಣಿ, ಗ್ರಾಚ್ಯುಟಿ. ಉಳಿದದ್ದು ಮಾತ್ರ ನಿಮ್ಮ ಲೆಕ್ಕಕ್ಕೆ.

ನನ್ನ ಪ್ರಕಾರ ಎಲ್ಲಕ್ಕಿಂತ ಖಚಿತವಾದದ್ದು ಸಂಬಳ. ಮೊದಲ 1,000 ರೂಪಾಯಿ ಬಿಟ್ಟು, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಜಪ್ತಿಯಾಗುತ್ತದೆ. ವಿನಾಯಿತಿ ಇರುವ ಭತ್ಯೆ ಕಳೆದು ಸಂಬಳ 46,000 ಇದ್ದರೆ ತಿಂಗಳಿಗೆ 15,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ, ಅಂದರೆ 3,60,000. ಆಮೇಲೆ ಆ ಡಿಕ್ರಿಗೆ ಆ ಸಂಬಳ ಮುಟ್ಟುವಂತಿಲ್ಲ. ಆದೇಶ ತಲುಪಿದ ಮೇಲೂ ಕಡಿತ ಮಾಡದ ಮಾಲೀಕ ಅಥವಾ ವೇತನ ಬಟವಾಡೆ ಅಧಿಕಾರಿ ಆ ಮೊತ್ತಕ್ಕೆ ತಾನೇ ಹೊಣೆ, ಹಾಗಾಗಿ ಕಡಿತ ನಡೆಯುತ್ತದೆ. ಸಾಲಗಾರನಿಗೆ ನಿವೃತ್ತಿ ಹತ್ತಿರವಿದ್ದರೆ ದಿನ ದೂಡಬೇಡಿ, ನಿವೃತ್ತಿಯಾದ ಮೇಲೆ ಬರುವುದೆಲ್ಲ ಬಹುಪಾಲು ವಿನಾಯಿತಿ ಪಟ್ಟಿಯದ್ದೇ.

ಬ್ಯಾಂಕ್ ಖಾತೆ ಜಪ್ತಿಗೆ ಬ್ಯಾಂಕು, ಶಾಖೆ ಗೊತ್ತಿರಬೇಕು. ಅವನು ಹಿಂದೆ ಕೊಟ್ಟ ಪ್ರತಿಯೊಂದು ಚೆಕ್ಕಿನ ಜೆರಾಕ್ಸು, ಅವನಿಂದ ಬಂದ ಪ್ರತಿ ನೆಫ್ಟ್‌ನ ದಾಖಲೆ ಇಟ್ಟುಕೊಂಡವರಿಗೆ ಇದು ಸುಲಭ. ಏನೂ ಗೊತ್ತಿಲ್ಲದಿದ್ದರೆ ಆದೇಶ 21 ನಿಯಮ 41ರಲ್ಲಿ ಅವನ ಆಸ್ತಿಗಳ ಪ್ರಮಾಣಪತ್ರ ಕೇಳಿ. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಇಷ್ಟು ಒಳ್ಳೆಯ ಆಯುಧವನ್ನು ಎಷ್ಟೋ ವಕೀಲರು ಬಳಸುವುದೇ ಇಲ್ಲ ಅನ್ನುವುದು ಸೋಜಿಗ.

ಸೈಟು, ಜಮೀನಿನ ಜಪ್ತಿಯಲ್ಲಿ ತಡವಾಗುವುದೂ ಹೆಚ್ಚು, ತಕರಾರೂ ಹೆಚ್ಚು. ಇ.ಸಿ. (ಋಣಭಾರ ಪತ್ರ), ಪಹಣಿ, ಖಾತೆ ತೆಗೆಸಿ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಸಮೇತ ಕೊಡಬೇಕು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಹರಾಜಿನ ದಿನ ಅಲ್ಲೋಲಕಲ್ಲೋಲ. ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಅಡಮಾನ ಇದ್ದರೆ ಬ್ಯಾಂಕು ಮೊದಲು, ಉಳಿದರೆ ನೀವು. ಜಪ್ತಿ ಆದೇಶ ಆದ ಮೇಲೆ ಅದರ ಪ್ರತಿ ಸಬ್‌ರಿಜಿಸ್ಟ್ರಾರ್ ಕಚೇರಿಗೂ ತಲುಪಿ ಇ.ಸಿ.ಯಲ್ಲಿ ಕಾಣಿಸುತ್ತಿದೆಯೇ ಅಂತ ನೀವೇ ಹೋಗಿ ನೋಡಿ. ಜಪ್ತಿಯ ನಂತರದ ಮಾರಾಟ ನಿಮ್ಮ ಡಿಕ್ರಿಯ ಮಟ್ಟಿಗೆ ಅನೂರ್ಜಿತ ನಿಜ, ಆದರೆ ಕೊಂಡವನ ಜೊತೆ ಹೊಸ ಜಗಳ ಯಾರಿಗೆ ಬೇಕು? ಇಷ್ಟರಲ್ಲಿ ಹೆಂಡತಿಯೋ ತಮ್ಮನೋ ಬಂದು "ಪಿತ್ರಾರ್ಜಿತ, ನಮ್ಮದೂ ಪಾಲಿದೆ" ಅಂತ ತಕರಾರು ಅರ್ಜಿ ಹಾಕುತ್ತಾರೆ. ಅದರ ವಿಚಾರಣೆ ಒಂದು ದಾವೆಯಷ್ಟೇ ಉದ್ದ. ಹರಾಜಾದರೆ ಕೂಗಿದವರು ಅಂದೇ ಶೇ. 25 ಕಟ್ಟಬೇಕು, ಉಳಿದದ್ದು 15 ದಿನದಲ್ಲಿ. ನೀವೇ ಕೂಗಬೇಕಾದರೆ ಕೋರ್ಟಿನ ಅನುಮತಿ ಬೇಕು.

"ಒಳಗೆ ಹಾಕಿಸಿ" ಅನ್ನುವವರಿಗೆ: ಕೊಡುವ ಶಕ್ತಿಯಿದ್ದೂ ಕೊಡುತ್ತಿಲ್ಲ ಅಂತ ನೀವು ತೋರಿಸಬೇಕು. ಬಡತನಕ್ಕೆ ಜೈಲಿಲ್ಲ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲೇ ತೀರ್ಪು ಕೊಟ್ಟಾಗಿದೆ. ಹೆಂಗಸರನ್ನು ಹಣದ ಡಿಕ್ರಿಗೆ ಬಂಧಿಸುವಂತಿಲ್ಲ. ಗಂಡಸಾದರೆ ಗರಿಷ್ಠ ಮೂರು ತಿಂಗಳು, ಅಷ್ಟೂ ದಿನದ ಊಟದ ಭತ್ಯೆ ಕಟ್ಟುವವರು ನೀವೇ.

ಸಾಲಗಾರ ತೀರಿಕೊಂಡರೆ ವಾರಸುದಾರರು ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಅಪ್ಪನ ಸಾಲ ಮಗ ತೀರಿಸಲೇಬೇಕು ಅನ್ನುವ ಹಳೆಯ ಹಿಂದೂ ಕಾನೂನಿನ ನಿಯಮ 2005ರ ತಿದ್ದುಪಡಿಯ ನಂತರದ ಸಾಲಗಳಿಗೆ ಇಲ್ಲ.

ಬಹುತೇಕ ಅಮಲ್ಜಾರಿಗಳು ಕೊನೆಗೆ ಕಂತಿನ ರಾಜಿಯಲ್ಲಿ ಮುಗಿಯುತ್ತವೆ. ಆಗ ಎರಡೂ ಕಡೆಯವರು ನೋಡಬೇಕಾದ್ದು ಇದು: ಹೊರಗೆ ಕೊಟ್ಟ ದುಡ್ಡನ್ನು ಕೋರ್ಟಿನಲ್ಲಿ ದಾಖಲಿಸದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಡೆದವರು ಮೆಮೋ ಹಾಕಬೇಕು. ಅವರು ಹಾಕದಿದ್ದರೆ ಕೊಟ್ಟವರು 30 ದಿನದೊಳಗೆ ಅರ್ಜಿ ಹಾಕಬೇಕು. ಪೂರ್ತಿ ತೀರಿದ ಮೇಲೆ ಜಪ್ತಿ ತೆರವಿನ ಆದೇಶದ ಪ್ರತಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೂ ತಾಲ್ಲೂಕು ಕಚೇರಿಗೂ ತಲುಪಿಸಿ ಸ್ವೀಕೃತಿ ಪಡೆದುಕೊಳ್ಳುವುದು ಸಾಲಗಾರನ ಕೆಲಸ.