ಝಡ್ ದರ್ಜೆಯ ಊರಲ್ಲಿ ಬಾಡಿಗೆ ಮನೆ

“ನಿಮ್ಮೂರಲ್ಲಿ ಏನ್ರೀ ಖರ್ಚು?”

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಸಂಬಳ ಜಾಸ್ತಿ ಮಾಡಿ ಎಂದು ಕೇಳಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಕೇಳುವವರು ಸಾಮಾನ್ಯವಾಗಿ ಬೆಂಗಳೂರಿನ ಹೆಡ್ ಆಫೀಸಿನವರು. ಅವರ ತಲೆಯಲ್ಲಿ ನಮ್ಮೂರಿನ ಚಿತ್ರ ಹೀಗಿದೆ. ಇಲ್ಲಿ ಎಲ್ಲರಿಗೂ ಅಜ್ಜ ಕಟ್ಟಿಸಿದ ಮನೆ ಇದೆ. ಮನೆ ಹಿಂದೆ ಎಮ್ಮೆ ಇದೆ. ಜೋಳ ಹೊಲದಿಂದ ಬರುತ್ತದೆ, ಮೆಣಸಿನಕಾಯಿ ಹಿತ್ತಲಿಂದ ಬರುತ್ತದೆ. ಸಂಬಳ ಅನ್ನೋದು ಏನಿದ್ದರೂ ದೀಪಾವಳಿಗೆ ಬಟ್ಟೆ ತಗೊಳ್ಳೋದಕ್ಕೆ.

ಎಮ್ಮೆ ಇಲ್ಲ ಸಾರ್, ಪ್ಯಾಕೆಟ್ ಹಾಲು ತಗೊಳ್ತೀವಿ ಅಂದರೆ ನಂಬುವುದಿಲ್ಲ. ಆ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ಬೆಲೆ ಊರು ನೋಡಿ ಇಳಿಯುವುದಿಲ್ಲ ಎಂದರೆ ಮಾತು ಬದಲಿಸುತ್ತಾರೆ. “ಆದ್ರೂ ಬಾಡಿಗೆ ಕಡಿಮೆ ಅಲ್ವಾ?”

ಬಾಡಿಗೆ ಕಡಿಮೆ, ಒಪ್ಪೋಣ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಮನೆಗೆ ಕೇಳುವ ಅಡ್ವಾನ್ಸಿನಲ್ಲಿ ನಮ್ಮ ಕಡೆ ಒಂದು ಮದುವೆಯೇ ಮುಗಿದುಹೋಗುತ್ತದೆ. ಆದರೆ ಬಾಡಿಗೆಯೊಂದು ಕಡಿಮೆ ಇದೆ ಎಂದು ಇಡೀ ಸಂಬಳವನ್ನೇ ಅರ್ಧ ಮಾಡುವ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ಗೊತ್ತಿಲ್ಲ.

ನಗರ ನಗರಗಳ ಖರ್ಚು ಹೋಲಿಸುವ ಪಟ್ಟಿಗಳು ಈಗ ಬೇಕಾದಷ್ಟು ಸಿಗುತ್ತವೆ. ಬೆಂಗಳೂರಲ್ಲಿ ಇಷ್ಟು ಸಂಬಳವಿದ್ದರೆ ಪುಣೆಯಲ್ಲಿ ಎಷ್ಟು ಬೇಕು, ಹೈದರಾಬಾದಿನಲ್ಲಿ ಎಷ್ಟು ಸಾಕು ಎಂದು ಅವು ಹೇಳುತ್ತವೆ. ಅದಕ್ಕೆ ಏನೇನು ತೂಗುತ್ತಾರೆ ನೋಡಿ. ಒಂದು ಕಪ್ ಕ್ಯಾಪುಚಿನೋ. ಜಿಮ್ಮಿನ ತಿಂಗಳ ಶುಲ್ಕ. ಶನಿವಾರ ಭಾನುವಾರ ಒಂದು ತಾಸು ಟೆನಿಸ್ ಕೋರ್ಟ್ ಬಾಡಿಗೆ. ಒಂದು ಬ್ರ್ಯಾಂಡೆಡ್ ಜೀನ್ಸ್ ಪ್ಯಾಂಟು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಟೆನಿಸ್ ಆಡಲು ಯಾರಾದರೂ ಕೋರ್ಟ್ ಬಾಡಿಗೆ ಕೇಳಿದರೆ ಪುಕ್ಕಟೆ ಕೊಟ್ಟಾರು, ಜೊತೆಗೆ ಆಂಬುಲೆನ್ಸ್ ನಂಬರನ್ನೂ ಕೊಟ್ಟಾರು. ಜೀನ್ಸ್ ವಿಷಯದಲ್ಲಿ ಮಾತ್ರ ನಮ್ಮನ್ನು ಯಾರೂ ಸೋಲಿಸಲಾಗದು. ಬಳ್ಳಾರಿಯಲ್ಲಿ ಅದನ್ನು ಹೊಲಿಯುವುದೇ ನಾವು, ಪೀಸ್ ಲೆಕ್ಕದಲ್ಲಿ. ಆ ಪ್ಯಾಂಟು ಮಾಲ್‌ಗೆ ಹೋಗಿ, ಹೆಸರಿನ ಪಟ್ಟಿ ಹಚ್ಚಿಸಿಕೊಂಡು, ಗಾಜಿನ ಹಿಂದೆ ನಿಂತರೆ ಹೊಲಿದವರೇ ಗುರುತು ಹಿಡಿಯಲಾರರು.

ನಮ್ಮೂರಿಗೆ ಒಗ್ಗುವ ಅಳತೆಗೋಲು ಬೇಕು. ಲಂಡನ್ನಿನ ‘ದಿ ಇಕನಾಮಿಸ್ಟ್’ ಪತ್ರಿಕೆ 1986ರಲ್ಲಿ ಬಿಗ್ ಮ್ಯಾಕ್ ಸೂಚ್ಯಂಕ ಶುರು ಮಾಡಿತು. ಒಂದೇ ಬರ್ಗರ್‌ಗೆ ಬೇರೆ ಬೇರೆ ದೇಶದಲ್ಲಿ ಎಷ್ಟು ದುಡ್ಡು ಎಂದು ನೋಡಿ ಕರೆನ್ಸಿಗಳ ತಾಕತ್ತು ಅಳೆಯುವುದು ಅದರ ಕೆಲಸ. ಅವರು ಬರ್ಗರ್ ಇಟ್ಟುಕೊಳ್ಳಲಿ. ನಾವು ವಗ್ಗರಣೆ-ಮಿರ್ಚಿ, ಅಂದರೆ ಮಂಡಕ್ಕಿ ವಗ್ಗರಣೆ ಮತ್ತು ಮಿರ್ಚಿ ಬಜ್ಜಿಯ ಸೂಚ್ಯಂಕ ಶುರು ಮಾಡೋಣ.

ಬಳ್ಳಾರಿಯಲ್ಲಿ ಒಂದು ಪ್ಲೇಟ್ ವಗ್ಗರಣೆ-ಮಿರ್ಚಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಸಂಬಳ 18,000. ತಿಂಗಳಿಗೆ 450 ಪ್ಲೇಟ್ ಆಯಿತು. ಅದೇ ಕೆಲಸಕ್ಕೆ ಬೆಂಗಳೂರಲ್ಲಿ ಸಂಬಳ 40,000. ಅಲ್ಲಿ ಉತ್ತರ ಕರ್ನಾಟಕದ ಖಾನಾವಳಿ ಹುಡುಕಿ ಹೋಗಿ ಅದೇ ಪ್ಲೇಟಿಗೆ 80 ರೂಪಾಯಿ ಕೊಟ್ಟರೆ 500 ಪ್ಲೇಟ್ ಆಯಿತು. ವ್ಯತ್ಯಾಸ ಬರೀ 50 ಪ್ಲೇಟ್! ಹೆಡ್ ಆಫೀಸಿನವರು ಚಪ್ಪಾಳೆ ತಟ್ಟುತ್ತಾರೆ. ನೋಡ್ರಪ್ಪಾ, ನೀವೂ ಅವರೂ ಸಮಾನರೇ, ಸುಮ್ನೆ ಗಲಾಟೆ ಮಾಡ್ತೀರಿ.

ಹೌದು, ಬೈಕ್ ಶೋರೂಮಿನವರು ಕಂತನ್ನು ಮಿರ್ಚಿಯಲ್ಲಿ ತಗೊಳ್ಳುವುದಾದರೆ ನಾವು ಸಮಾನರೇ. ಅವರು ರೂಪಾಯಿಯಲ್ಲಿ ಕೇಳುತ್ತಾರೆ, ಅದೇ ತೊಂದರೆ. 20,000 ರೂಪಾಯಿಯ ಫೋನು ಬೆಂಗಳೂರಿನವನಿಗೆ ಅರ್ಧ ತಿಂಗಳ ದುಡಿಮೆ. ನಮ್ಮವನು ಅದಕ್ಕೆ ತಿಂಗಳಿಡೀ ದುಡಿದು, ಮುಂದಿನ ತಿಂಗಳೂ ಮೂರ್ನಾಲ್ಕು ದಿನ ದುಡಿಯಬೇಕು. ರೀಚಾರ್ಜ್ ರೇಟು ದೇಶಕ್ಕೆಲ್ಲ ಒಂದೇ. ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್, ಶಾಂಪೂ ಸ್ಯಾಶೆ, ಮಗನ ಆನ್‌ಲೈನ್ ಕೋಚಿಂಗ್, ಎಲ್ಲವೂ ಒಂದೇ. ಇವೆಲ್ಲದರ ಬೆಲೆ ಅಖಿಲ ಭಾರತ ಮಟ್ಟದ್ದು. ಸಂಬಳ ಮಾತ್ರ ನಮ್ಮ ವಾರ್ಡಿನದು.

ಇಲ್ಲೇ ತಯಾರಾಗುವ ವಸ್ತುವಾದರೂ ಇಲ್ಲಿಯವರಿಗೆ ಅಗ್ಗವೇ? ಸಂಡೂರಿನ ಗುಡ್ಡ ಅಗೆದು ಅದಿರು ತೆಗೆಯುತ್ತಾರೆ. ಪಕ್ಕದ ತೋರಣಗಲ್ಲಿನಲ್ಲಿ ಅದು ಉಕ್ಕಾಗುತ್ತದೆ. ಲಾರಿ ಹೋದ ರಸ್ತೆಯ ಧೂಳು ನಮಗೆ ಪುಕ್ಕಟೆ, ಹೋಮ್ ಡೆಲಿವರಿ. ಬಳ್ಳಾರಿಯಲ್ಲಿ ಮನೆ ಕಟ್ಟಿಸುವವನು ಕಬ್ಬಿಣದ ಅಂಗಡಿಗೆ ಹೋಗಿ “ನಾನು ಧೂಳು ಕುಡಿದವನು, ಸ್ವಲ್ಪ ಕಡಿಮೆ ಮಾಡ್ರೀ” ಎಂದು ಕೇಳಿ ನೋಡಲಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ್ದು 1,720 ಮೆಗಾವಾಟ್ ಸಾಮರ್ಥ್ಯ. ಕರೆಂಟು ರಾಜ್ಯಕ್ಕೆಲ್ಲ, ಹಾರುಬೂದಿ ರಾಯಚೂರಿಗೆ. ಗೃಹಜ್ಯೋತಿಯ 200 ಯೂನಿಟ್ ಮಿತಿ ಎಲ್ಲರಿಗೂ ಒಂದೇ ಎಂಬುದು ದೊಡ್ಡ ಸಮಾನತೆ. ಬೆಂಗಳೂರಿನವರು ಅದರಲ್ಲಿ ಸ್ವೆಟರ್ ಒಗೆಯುತ್ತಾರೆ, ನಾವು ಮಾರ್ಚಿಯಿಂದ ಜೂನ್‌ವರೆಗೆ ಕೂಲರ್ ತಿರುಗಿಸುತ್ತೇವೆ.

ಇನ್ನು ಅಗ್ಗದ ಊರಿನ ಕೆಲವು ಖರ್ಚುಗಳು ಊರಲ್ಲಿ ಆಗುವುದೇ ಇಲ್ಲ. ಬಸ್ ಹತ್ತಿ ಹೋಗಿ ಮಾಡಿ ಬರಬೇಕು. ಅಪ್ಪನಿಗೆ ಹೃದಯದ ತೊಂದರೆ ಎಂದರೆ ಬಳ್ಳಾರಿಯವರು ಬೆಂಗಳೂರಿಗೆ ಓಡುತ್ತಾರೆ, ರಾಯಚೂರಿನವರು ಹೈದರಾಬಾದಿಗೆ. ಅಲ್ಲಿ ಲಾಡ್ಜ್, ಊಟ, ಆಟೋ, ಆಸ್ಪತ್ರೆ ಬಿಲ್ಲು ಎಲ್ಲವೂ ಮಹಾನಗರದ ರೇಟಿನಲ್ಲಿ. ಕೌಂಟರಿನಲ್ಲಿ ನಿಂತು “ನಾನು ಕೊಪ್ಪಳದ ಸಂಬಳದವನು” ಎಂದರೆ ಡಿಸ್ಕೌಂಟ್ ಕೊಡುವ ಆಸ್ಪತ್ರೆಯನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ವಿಳಾಸ ತಿಳಿಸಿ.

ಖಾಸಗಿಯವರ ಕಥೆ ಬಿಡಿ, ಸರ್ಕಾರಕ್ಕೆ ಇದೆಲ್ಲ ಗೊತ್ತಿರಬೇಕಲ್ಲವೇ? ಗೊತ್ತಿದೆ. ಅದಕ್ಕೇ ಊರುಗಳಿಗೆ ಇಂಗ್ಲಿಷಿನ ಕೊನೆಯ ಮೂರು ಅಕ್ಷರ ಹಂಚಿದೆ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ 50 ಲಕ್ಷ ಮತ್ತು ಮೇಲ್ಪಟ್ಟು ಜನರಿರುವ ನಗರ ಎಕ್ಸ್. 5 ಲಕ್ಷದಿಂದ 50 ಲಕ್ಷದೊಳಗಿನದು ವೈ. ಉಳಿದದ್ದೆಲ್ಲ ಝಡ್. 2024ರ ಜನವರಿಯಿಂದ ಮೂಲ ವೇತನದ ಮೇಲೆ ಎಕ್ಸ್‌ಗೆ ಶೇ. 30, ವೈಗೆ ಶೇ. 20, ಝಡ್‌ಗೆ ಶೇ. 10. ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ. ನಾವು ಮೂರೂ ಊರಿನವರು ಝಡ್. ಝಡ್ ಆದಮೇಲೆ ಅಕ್ಷರವೇ ಇಲ್ಲ. ಇದ್ದಿದ್ದರೆ ಕೊಪ್ಪಳಕ್ಕೆ ಅದನ್ನೇ ಕೊಡುತ್ತಿದ್ದರೇನೋ.

35,400 ಮೂಲ ವೇತನದ ಒಬ್ಬ ರೈಲ್ವೆ ನೌಕರನನ್ನು ತಗೊಳ್ಳಿ. ಬೆಂಗಳೂರಲ್ಲಿದ್ದರೆ ಬಾಡಿಗೆ ಭತ್ಯೆ 10,620. ಕಲಬುರಗಿಯಲ್ಲಿ 7,080. ಬಳ್ಳಾರಿ, ರಾಯಚೂರಿನಲ್ಲಿ 3,540. ಕಲಬುರಗಿ ಬಿಸಿಲಿಗೂ ರಾಯಚೂರು ಬಿಸಿಲಿಗೂ ಏನು ಫರಕು ಎಂದು ಕೇಳಬೇಡಿ, ಬಿಸಿಲಿಗೆ ಭತ್ಯೆ ಇಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ 3,540 ರೂಪಾಯಿ ಹಿಡಿದು ಮನೆ ಹುಡುಕಿದರೆ ಮಾಲೀಕರು ನೀರು ಕೊಟ್ಟು ಕೂರಿಸುತ್ತಾರೆ. ಆಮೇಲೆ ಬೈಕ್ ನಿಲ್ಲಿಸುವ ಜಾಗ ತೋರಿಸಿ “ಇದು ಆಗ್ತದೇನ್ ನೋಡ್ರೀ” ಎನ್ನುತ್ತಾರೆ.

ಈ ಅಕ್ಷರ ಹಂಚಿದ್ದು 2011ರ ಜನಗಣತಿ ನೋಡಿ. ಆಗ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. 2021ಕ್ಕೆ ಆಗಬೇಕಿದ್ದ ಎಣಿಕೆ ನಡೆಯಲಿಲ್ಲ. ಹಾಗಾಗಿ ಕಾಗದದ ಮೇಲೆ ಬಳ್ಳಾರಿ ಇವತ್ತಿಗೂ ಸುಮಾರು 4.1 ಲಕ್ಷ ಜನರ ಊರು. ರಾಯಚೂರು 2.3 ಲಕ್ಷ, ಕೊಪ್ಪಳ 70 ಸಾವಿರ. ಬಾಡಿಗೆ ಮಾತ್ರ ಇವತ್ತಿನದು, ಅದನ್ನು 2011ರ ದರದಲ್ಲಿ ತಗೊಳ್ಳಿ ಎಂದು ಮಾಲೀಕರಿಗೆ ಹೇಳುವ ಧೈರ್ಯ ಯಾವ ಆಯೋಗಕ್ಕೂ ಇಲ್ಲ. ಜನಸಂಖ್ಯೆ ಒಂದೇ ನಿಯಮವೂ ಅಲ್ಲ ಎನ್ನಿ. ದೆಹಲಿ ಪಕ್ಕದ ಗುರುಗ್ರಾಮ, ನೋಯ್ಡಾ, ಫರೀದಾಬಾದ್, ಗಾಜಿಯಾಬಾದಿಗೆ ವಿಶೇಷ ಆದೇಶದ ಮೇಲೆ ಎಕ್ಸ್ ದರ ಕೊಡುತ್ತಾರೆ. ನೆರೆಮನೆ ಚೆನ್ನಾಗಿರಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ. ನಮ್ಮ ಪಕ್ಕ ಇರುವುದು ಗುಂತಕಲ್.

ಒಂದು ಸಮಾಧಾನದ ವಿಷಯವೂ ಇತ್ತು. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಬಾಡಿಗೆ ವಿನಾಯಿತಿ ಲೆಕ್ಕ ಹಾಕುವಾಗ ದಶಕಗಟ್ಟಲೆ ಕಾಲ ಮಹಾನಗರ ಎಂದರೆ ಮುಂಬೈ, ಕೋಲ್ಕತ್ತ, ದೆಹಲಿ, ಚೆನ್ನೈ ಮಾತ್ರ. ಅವರಿಗೆ ಸಂಬಳದ ಶೇ. 50, ಉಳಿದ ಊರಿಗೆಲ್ಲ ಶೇ. 40. ಬೆಂಗಳೂರು ಈ ಉಳಿದ ಊರುಗಳ ಸಾಲಿನಲ್ಲಿ ಕುಷ್ಟಗಿ, ದೇವದುರ್ಗದ ಪಕ್ಕ ಕೈಕಟ್ಟಿ ನಿಂತಿತ್ತು. ಕೊಪ್ಪಳದವರು ಬೆಂಗಳೂರಿನವರಿಗೆ ಸರಿಸಮ ಎಂದು ಭಾರತ ಸರ್ಕಾರ ಬರೆದುಕೊಟ್ಟ ಏಕೈಕ ಕಾಗದ ಅದೇ ಇರಬೇಕು. ಫ್ರೇಮ್ ಹಾಕಿಸಬೇಕಿತ್ತು.

ಬಾಡಿಗೆ ಬೇಡ, ಸ್ವಂತ ಸೈಟೇ ತಗೊಳ್ಳೋಣ ಎಂದರೆ ನಮ್ಮೂರು ದಿಢೀರನೆ ದುಬಾರಿಯಾಗುತ್ತದೆ. ಸಂಬಳ ಕೇಳುವಾಗ ಹಳ್ಳಿ, ಸೈಟ್ ಕೇಳುವಾಗ ಸಿಂಗಾಪುರ. ಲೇಔಟ್ ಏಜೆಂಟರು ಕಾರಲ್ಲಿ ಕೂರಿಸಿಕೊಂಡು ಹೋಗಿ ಜಾಲಿ ಗಿಡಗಳ ನಡುವೆ ನಿಲ್ಲಿಸುತ್ತಾರೆ. “ಇಲ್ಲಿಂದ ಏರ್‌ಪೋರ್ಟ್ ಹತ್ತು ನಿಮಿಷ ಸಾರ್.” ಬಳ್ಳಾರಿ ಹತ್ತಿರದ ಚಾಗನೂರಿನಲ್ಲಿ ಏರ್‌ಪೋರ್ಟಿಗೆ ಜಮೀನು ಹೋಗಿ ಎಷ್ಟೋ ವರ್ಷವಾಯಿತು, ಅಲ್ಲಿ ವಿಮಾನ ಇನ್ನೂ ಇಳಿದಿಲ್ಲ. ರೇಟಿನಲ್ಲಿ ಮಾತ್ರ ದಿನಾ ಟೇಕಾಫ್ ಆಗುತ್ತದೆ. ರಾಯಚೂರಿನಲ್ಲಿ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಜನ ಅನಿರ್ದಿಷ್ಟ ಧರಣಿ ಶುರು ಮಾಡಿದರು. ಧರಣಿ ಕೂತವರಿಗೆ ಸಿಕ್ಕಿದ್ದು ಭರವಸೆ. ಸೈಟ್ ಮಾರುವವರಿಗೆ ಆ ಭರವಸೆಯೇ ಚದರಡಿ ಲೆಕ್ಕದಲ್ಲಿ ಸಿಕ್ಕಿತು. ಇಲ್ಲದ ವಿಮಾನ, ಬಾರದ ಆಸ್ಪತ್ರೆ, ಎರಡಕ್ಕೂ ಸೇರಿ ಕಂತು ಕಟ್ಟುವವನ ಸಂಬಳದ ಚೀಟಿಯಲ್ಲಿ ಮತ್ತೆ ಝಡ್.

ಇತ್ತ ಗಂಡು ನೋಡುವವರ ಲೆಕ್ಕವೂ ಕೆಟ್ಟಿದೆ. ಬಳ್ಳಾರಿಯಲ್ಲಿ 30 ಸಾವಿರ ಸಂಬಳ, ಸ್ವಂತ ಮನೆ, ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಹುಡುಗ ಬೇಡ. ಬೆಂಗಳೂರಲ್ಲಿ 60 ಸಾವಿರದವನೇ ಬೇಕು. ಅವನು ಪಿಜಿಯಲ್ಲಿ ಇನ್ನಿಬ್ಬರ ಜೊತೆ ರೂಮು ಹಂಚಿಕೊಂಡು, ತಿಂಗಳ ಕೊನೆಗೆ ಅಪ್ಪನಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಳ್ಳುತ್ತಾನೆ ಎಂಬುದು ಬಯೋಡೇಟಾದಲ್ಲಿ ಇರುವುದಿಲ್ಲ. ಅಂದರೆ ಝಡ್ ಊರಿನ ಅಪ್ಪ ಎಕ್ಸ್ ಊರಿನ ಬಾಡಿಗೆಗೆ ಭತ್ಯೆ ಕೊಡುತ್ತಿದ್ದಾನೆ. ಇದಕ್ಕೆ ಶೇಕಡಾ ಎಷ್ಟು ಎಂದು ಯಾವ ಆದೇಶವೂ ಇಲ್ಲ.

ಆ ಎಕ್ಸ್ ಊರನ್ನು ಕಟ್ಟುತ್ತಿರುವವರಾದರೂ ಯಾರು? ಸುಗ್ಗಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಯಲಬುರ್ಗಾ ಕಡೆಯಿಂದ ಗುಳೆ ಹೊರಡುವ ಬಸ್ಸುಗಳನ್ನು ನೋಡಿ. ಗಂಟು ಮೂಟೆ, ಬುತ್ತಿ, ಕಂಕುಳಲ್ಲಿ ಕೂಸು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸಿಮೆಂಟ್ ಹೊರುವವರು ಇವರು. ಕಟ್ಟಡ ಏಳುವವರೆಗೆ ಅದರ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಫ್ಲಾಟಿನ ದರ ಕೋಟಿ ದಾಟಿದ ದಿನ ಶೆಡ್ಡು ಬಿಚ್ಚಿ ಮುಂದಿನ ಸೈಟಿಗೆ ಹೋಗುತ್ತಾರೆ. ಎಣಿಕೆಯವರು ಬಂದಾಗ ಅಲ್ಲೇ ಇದ್ದರೆ ಬೆಂಗಳೂರಿನ ಲೆಕ್ಕಕ್ಕೇ ಸೇರುತ್ತಾರೆ. ಅವರಿಗೆ ಎಕ್ಸ್ ನಗರದ ಮನೆ ಸಿಗದಿದ್ದರೂ ನಗರಕ್ಕೆ ಅವರ ತಲೆಯಂತೂ ಸಿಗುತ್ತದೆ.

ಇಲ್ಲಿಂದಲೇ ನನಗೊಂದು ದಾರಿ ಹೊಳೆದಿದೆ. ಜನಗಣತಿಯ ತಲೆ ಎಣಿಕೆ 2027ಕ್ಕೆ ಇಟ್ಟಿದ್ದಾರೆ. 2011ರ ಲೆಕ್ಕಕ್ಕೆ ಬಳ್ಳಾರಿ ವೈ ಆಗಲು ಬೇಕಿದ್ದದ್ದು ಇನ್ನೊಂದು 90 ಸಾವಿರ ತಲೆ ಅಷ್ಟೇ. ಈ ಸಲ ಒಂದೂ ಕಡಿಮೆ ಬೀಳಬಾರದು. ಬೆಂಗಳೂರಿನಲ್ಲಿರುವ ಮಗ, ಸೊಸೆ, ಅಳಿಯ, ಗುಳೆ ಹೋದ ನೆಂಟರು, ಎಲ್ಲರೂ ಎಣಿಕೆಯ ಹೊತ್ತಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬರಬೇಕು. ಬಂದವರು ಮನೆಯಲ್ಲಿ ಸುಮ್ಮನೆ ಕೂರಬೇಕು, ಬಜಾರಿಗೆ ಹೋಗಬಾರದು. ಎಣಿಸುವ ಮೇಷ್ಟ್ರಿಗೆ ಚಹಾ, ಮಿರ್ಚಿ ಕೊಡಬೇಕು. ನಮ್ಮ ತಲೆ ಹೋದರೆ ಬೆಂಗಳೂರಿಗೇನೂ ಬಾಧೆಯಿಲ್ಲ, ಅದು ಆಗಲೂ ಎಕ್ಸ್ ಆಗಿಯೇ ಇರುತ್ತದೆ.

ಯೋಜನೆಯನ್ನು ಮೊದಲು ನಮ್ಮ ಓಣಿಯ ಮನೆ ಮಾಲೀಕರೊಬ್ಬರಿಗೆ ಹೇಳಿದೆ. ಅವರ ಕೆಳಗಿನ ಮನೆಯಲ್ಲಿ ಇರುವುದು ರೈಲ್ವೆಯವರೇ. ಗಮನವಿಟ್ಟು ಕೇಳಿದರು.

“ವೈ ಬಂದ್ರೆ ಅವರಿಗೆ ಎಷ್ಟು ಜಾಸ್ತಿ ಆಗ್ತದ್ರೀ?”

“ತಿಂಗಳಿಗೆ 3,540 ಸಾರ್.”

“ಹೌದೇನ್ರೀ? ಛಲೋ ಆತು ಹೇಳಿದ್ದು. ಮುಂದಿನ ತಿಂಗಳು ಅಗ್ರಿಮೆಂಟ್ ಮುಗೀತದೆ. ಈಗ್ಲೇ 4,000 ಏರಿಸಿ ಬರೆಸ್ತೀನಿ.”