‘ನಾರ್ಮಲ್ ಬಂತು, ಮಾತ್ರೆ ಬಿಟ್ಟೆ’ ಅನ್ನೋರಿಗೆ

ಈಗಷ್ಟೇ ನಮ್ಮ ಮನೆಯವರ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಮಾತು ಅಲ್ಲಲ್ಲಿ ಖಾರ ಆದರೆ ಸಹಿಸಿಕೊಳ್ಳಿ. ಚಿಕ್ಕಮ್ಮ ತಮ್ಮ ಥೈರಾಯ್ಡ್ ರಕ್ತಪರೀಕ್ಷೆಯ ಪಿಡಿಎಫ್ ಹಾಕಿ, ಕೆಳಗೆ "ಟಿಎಸ್‌ಎಚ್ 2.1. ನಾರ್ಮಲ್ ಬಂತು. ನಿನ್ನೆಯಿಂದ ಮಾತ್ರೆ ಬಿಟ್ಟೆ" ಅಂತ ಬರೆದಿದ್ದರು. ಶುರುವಾಯ್ತು ನೋಡಿ ಅಭಿನಂದನೆ. ಕೈಮುಗಿದವರೇನು, ಚಪ್ಪಾಳೆ ಹೊಡೆದವರೇನು. ಒಬ್ಬ ಮಹಾನುಭಾವರಂತೂ "ನಾನೂ ಹಿಂಗೇ ಬಿಟ್ಟೆ, ಏನೂ ಆಗಿಲ್ಲ" ಅಂತ ಸರ್ಟಿಫಿಕೇಟ್ ಬೇರೆ ಕೊಟ್ಟರು.

ನಾನು ಬೆಳಗೆದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗುವವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಇಲ್ಲಿ ಅದರ ಬಗ್ಗೆ ಗೊಣಗಿದ್ದೂ ಕಡಿಮೆ ಏನಲ್ಲ. ಸುಮ್ನಿರೋಕೆ ಆಗಲಿಲ್ಲ.

"ಚಿಕ್ಕಮ್ಮ, ಮಾತ್ರೆ ತಗೊಳ್ತಾ ಇದ್ದಿದ್ದಕ್ಕೇ ನಾರ್ಮಲ್ ಬಂದಿರೋದು" ಅಂತ ಬರೆದೆ.

"ರಿಪೋರ್ಟಲ್ಲಿ ಹಾಗೇನೂ ಬರೆದಿಲ್ವಲ್ಲೇ" ಅಂದರು.

ಹೌದಲ್ವಾ, ಬರೆದಿರುವುದಿಲ್ಲ! ಲ್ಯಾಬಿನ ಯಂತ್ರ ನೋಡುವುದು ರಕ್ತವನ್ನು. ಆ ರಕ್ತದ ಯಜಮಾನರು ಮಾತ್ರೆ ತಗೊಳ್ತಾರಾ, ಎಷ್ಟು ಮೈಕ್ರೋಗ್ರಾಂ, ಕೊನೆಯದ್ದು ಯಾವಾಗ ನುಂಗಿದ್ದು, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಪಕ್ಕದಲ್ಲಿ ಒಂದು ರೇಂಜ್ ಅಚ್ಚು ಹಾಕಿ ಕಳಿಸುತ್ತದೆ. ಸುಮಾರು 0.4ರಿಂದ 4.0 ಅಂತ ಇಟ್ಟುಕೊಳ್ಳಿ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ. ಆ ರೇಂಜ್ ಬಂದಿದ್ದು ಥೈರಾಯ್ಡ್ ಕಾಯಿಲೆ ಇಲ್ಲದವರ ರಕ್ತದಿಂದ, ಮಾತ್ರೆ ತಗೊಳ್ಳದವರ ರಕ್ತದಿಂದ. ಮಾತ್ರೆ ತಗೊಳ್ಳೋ ನಾವು ಆ ಗೆರೆಯೊಳಗೆ ಬಂದರೆ ಅದಕ್ಕಿರುವ ಅರ್ಥವೇ ಬೇರೆ.

ಟಿಎಸ್‌ಎಚ್ ಅನ್ನೋ ಹಾರ್ಮೋನು ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವುದೇ ಇಲ್ಲ. ಅದನ್ನು ಬಿಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿ ಟಿಎಸ್‌ಎಚ್ ಜಾಸ್ತಿ ಮಾಡಿ, ಕೆಲಸ ಮಾಡು ಅಂತ ಥೈರಾಯ್ಡನ್ನು ತಿವಿಯುತ್ತದೆ. ಹಾರ್ಮೋನು ಸಾಕಷ್ಟಿದ್ದರೆ ತಿವಿತ ಕಡಿಮೆ ಮಾಡುತ್ತದೆ. ಆ ಹಾರ್ಮೋನು ಗ್ರಂಥಿಯಿಂದ ಬಂತೋ ಮಾತ್ರೆಯಿಂದ ಬಂತೋ ಅಂತ ಅದು ವಿಚಾರಿಸಲು ಹೋಗುವುದಿಲ್ಲ. ನಾವು ನುಂಗುವ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ಅಂದರೆ ನಮ್ಮ ಥೈರಾಯ್ಡ್ ಗ್ರಂಥಿ ಮಾಡುವ ಟಿ4 ಹಾರ್ಮೋನೇ, ಕಾರ್ಖಾನೆಯಲ್ಲಿ ಮಾಡಿದ್ದು ಅಷ್ಟೆ. ಹಾಗಾಗಿ 2.1 ಬಂತು ಅಂದರೆ ಈ ಡೋಸ್ ನಿಮಗೆ ಹೊಂದಿದೆ ಅಂತ ಅರ್ಥ. ಗ್ರಂಥಿ ಚೇತರಿಸಿಕೊಂಡಿದೆಯಾ ಇಲ್ವಾ ಅನ್ನೋದು ಆ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ.

ಕನ್ನಡಕ ಹಾಕಿಕೊಂಡು ಬೋರ್ಡಿನ ಕೊನೆಯ ಸಾಲು ಓದಿದವರು "ಕಣ್ಣು ಸರಿಹೋಯ್ತು" ಅಂತ ಕನ್ನಡಕ ಕಸಕ್ಕೆ ಹಾಕ್ತಾರಾ? ಹಾಕಲ್ಲ. ಮಾತ್ರೆಯನ್ನು ಮಾತ್ರ ಹಾಕ್ತಾರೆ, ಆಮೇಲೆ ಗ್ರೂಪಿನಲ್ಲಿ ಚಪ್ಪಾಳೆ ತಗೊಳ್ತಾರೆ.

ಈಗ ಆ "ಏನೂ ಆಗಿಲ್ಲ" ಮಹಾನುಭಾವರ ವಿಷಯ. ನನಗೆ ಅತಿ ಹೆಚ್ಚು ಉರಿದಿದ್ದು ಇವರ ಮೇಲೆ. ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಉಳಿದದ್ದರಲ್ಲಿ ಅರ್ಧ ಹೋಗಲು ಇನ್ನೊಂದು ವಾರ. ಪೂರ್ತಿ ಖಾಲಿಯಾಗಲು ಐದಾರು ವಾರ ಹಿಡಿಯುತ್ತದೆ. ಅಂದರೆ ಇವತ್ತು ಬಿಟ್ಟವರಿಗೆ ನಾಳೆಯಲ್ಲ, ಮುಂದಿನ ವಾರವೂ ದೊಡ್ಡದಾಗಿ ಏನೂ ಗೊತ್ತಾಗುವುದಿಲ್ಲ. ನಿನ್ನೆ ಮೊನ್ನೆ ನುಂಗಿದ ಮಾತ್ರೆಯ ಮೇಲೇ ಓಡಾಡುತ್ತಿರುತ್ತಾರೆ, ಓಡಾಡುತ್ತಾ ಮಾತ್ರೆ ಬೇಕಾಗಿಲ್ಲ ಅಂತ ಊರಿಗೆಲ್ಲ ಭಾಷಣ ಮಾಡುತ್ತಾರೆ. ಆಮೇಲೆ ಯಾವಾಗಲೋ ಸುಸ್ತು, ಮಲಬದ್ಧತೆ, ಮುಖ ಊದಿದ ಹಾಗೆ, ಚಳಿ ತಡೆಯೋಕಾಗಲ್ಲ, ಕೊಲೆಸ್ಟರಾಲ್ ಏರಿದೆ ಅಂತ ಶುರುವಾದಾಗ ಅದಕ್ಕೂ ಬಿಟ್ಟ ಮಾತ್ರೆಗೂ ನಂಟು ಹಾಕೋದು ಯಾರು? "ವಯಸ್ಸಾಯ್ತು ನೋಡಿ" ಅಂತಾರೆ. ಮುಗೀತು.

ಇದೇ ಲೆಕ್ಕ ಗೊತ್ತಿಲ್ಲದೆ ಉಲ್ಟಾ ಅವಸರ ಮಾಡೋರೂ ಇದ್ದಾರೆ. ಡೋಸ್ ಬದಲಾಯಿಸಿ ಹತ್ತು ದಿನಕ್ಕೇ ಮತ್ತೆ ರಕ್ತ ಕೊಟ್ಟು, "ಇಳಿದೇ ಇಲ್ಲ, ಈ ಮಾತ್ರೆ ನನಗೆ ಕೆಲಸ ಮಾಡಲ್ಲ" ಅಂತ ತೀರ್ಮಾನ. ಹೊಸ ಡೋಸ್ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಬೇಕು, ಅದನ್ನು ನೋಡಿ ಪಿಟ್ಯುಟರಿ ಹೊಂದಿಕೊಳ್ಳಬೇಕು. ಅದಕ್ಕೇ ಡಾಕ್ಟರು ಆರರಿಂದ ಎಂಟು ವಾರ ಬಿಟ್ಟು ಬನ್ನಿ ಅನ್ನೋದು. ಬಹಳ ಕಾಲ ಹಾರ್ಮೋನು ಕಡಿಮೆ ಇದ್ದವರಲ್ಲಿ ಟಿ4 ಸರಿಯಾದ ಮೇಲೂ ಟಿಎಸ್‌ಎಚ್ ಇಳಿಯಲು ತಿಂಗಳುಗಟ್ಟಲೆ ತಡವಾಗಬಹುದು. ಒಮ್ಮೆ ಡೋಸ್ ಸರಿಹೊಂದಿದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಪರೀಕ್ಷೆ ಸಾಕು.

ಇನ್ನೊಂದು ಪಂಗಡ ಇದೆ. ಟಿಎಸ್‌ಎಚ್ 9 ಬಂದರೆ "ಅಯ್ಯೋ, ಥೈರಾಯ್ಡ್ ಜಾಸ್ತಿ ಆಗಿದೆ" ಅಂತ ಮಾತ್ರೆ ಅರ್ಧ ಮಾಡುವವರು. ಟಿಎಸ್‌ಎಚ್ ಏರಿದೆ ಅಂದರೆ ಹಾರ್ಮೋನು ಸಾಲುತ್ತಿಲ್ಲ ಅಂತ. ಟಿಎಸ್‌ಎಚ್ 0.05ಕ್ಕೆ ಬಿದ್ದಿದೆ ಅಂದರೆ ಮಾತ್ರೆ ಜಾಸ್ತಿ ಆಗಿರಬಹುದು ಅಂತ. ಎರಡೂ ತಿರುಗುಮುರುಗು. ಮಾತ್ರೆ ಜಾಸ್ತಿಯಾದರೆ "ಮೈ ಹಗುರ ಆಯ್ತು, ತೂಕ ಇಳೀತು" ಅಂತ ಖುಷಿಪಡೋರನ್ನೂ ನೋಡಿದ್ದೇನೆ. ವರ್ಷಗಟ್ಟಲೆ ಹಾಗೇ ಇದ್ದರೆ ಎದೆಬಡಿತ ಏರುಪೇರಾಗುವ ಅಪಾಯ ಇದೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ತೂಕ ಇಳಿಸೋಕೆ ಇರೋ ಮಾತ್ರೆ ಅಲ್ಲ ಇದು.

ರಿಪೋರ್ಟ್ ಓದುವಾಗ ನನಗೆ ಬಹಳ ರುಚಿಸುವ ಒಂದು ಸಂಗತಿ ಇದೆ, ಹೇಳಿಬಿಡ್ತೀನಿ. ಕೆಲವರದ್ದು ಟಿಎಸ್‌ಎಚ್ ಜಾಸ್ತಿ ಇರುತ್ತದೆ, ಫ್ರೀ ಟಿ4 (ರಕ್ತದಲ್ಲಿ ಬಳಕೆಗೆ ಸಿಗುವ ಟಿ4) ಕೂಡ ಚೆನ್ನಾಗೇ ಇರುತ್ತದೆ, ಕೆಲವು ಸಲ ಮೇಲೇ ಇರುತ್ತದೆ. ಮೊದಲನೇ ಸಂಖ್ಯೆ ಹಾರ್ಮೋನು ಸಾಲದು ಅನ್ನುತ್ತೆ, ಎರಡನೆಯದು ಬೇಕಾದಷ್ಟಿದೆ ಅನ್ನುತ್ತೆ. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಡಾಕ್ಟರು ಮೊದಲು ಕೇಳೋದು "ಮಾತ್ರೆ ದಿನಾ ತಗೊಳ್ತಾ ಇದ್ದೀರಾ?" ಅಂತ. ತಿಂಗಳೆಲ್ಲ ಮರೆತು, ಪರೀಕ್ಷೆ ಹತ್ತಿರ ಬಂದಾಗ ನಿಯತ್ತಾಗಿ ನುಂಗಿದರೆ ಹೀಗೆ ಬರುತ್ತದೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಹಿಂದಿನ ವಾರಗಳ ಲೆಕ್ಕವನ್ನೂ ಇಟ್ಟುಕೊಂಡಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ಕಲೆ ಇಲ್ಲಿ ನಡೆಯಲ್ಲ ಸ್ವಾಮಿ.

ಬೆಳಗ್ಗೆ ಮಾತ್ರೆ ನುಂಗಿ ನೇರ ಲ್ಯಾಬಿಗೆ ಹೋದರೂ ಹೀಗೇ. ಮುಂದಿನ ಕೆಲವು ಗಂಟೆ ಫ್ರೀ ಟಿ4 ಇರಬೇಕಾದ್ದಕ್ಕಿಂತ ಮೇಲೆ ಕಾಣಬಹುದು. ಟಿಎಸ್‌ಎಚ್ ಅಷ್ಟು ಬೇಗ ಅಲುಗಾಡುವುದಿಲ್ಲ. ಅದಕ್ಕೇ ರಕ್ತ ಕೊಟ್ಟು ಆಮೇಲೆ ಮಾತ್ರೆ ತಗೊಳ್ಳೋದು ಒಳ್ಳೆಯದು. ಟಿಎಸ್‌ಎಚ್ ದಿನದೊಳಗೇ ಏರಿಳಿಯುತ್ತದೆ, ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನ ಕಡಿಮೆ. ಹೋದ ಸಲ ಬೆಳಗ್ಗೆ ಕೊಟ್ಟವರು ಈ ಸಲವೂ ಬೆಳಗ್ಗೆಯೇ ಕೊಡಿ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಕೊಡಿ. 2.1 ಇದ್ದದ್ದು 2.9 ಆಯ್ತು ಅಂತ ರಾತ್ರಿಯಿಡೀ ಗೂಗಲ್ ಮಾಡುವುದು ಬೇಡ. ಒಂದು ಲ್ಯಾಬಿನವರು ಮಿಲಿ ಯೂನಿಟ್ ಪ್ರತಿ ಲೀಟರ್ ಅಂತಲೂ ಇನ್ನೊಬ್ಬರು ಮೈಕ್ರೋ ಯೂನಿಟ್ ಪ್ರತಿ ಮಿಲಿಲೀಟರ್ ಅಂತಲೂ ಬರೆದಿದ್ದರೆ ಗಾಬರಿ ಬೇಡ, ಎರಡೂ ಒಂದೇ.

ಮತ್ತೆ ಕೂದಲಿಗೆ ಉಗುರಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೊಳ್ಳೋರು ಇಲ್ಲಿ ಕೇಳಿ. ಕೆಲವು ಲ್ಯಾಬ್ ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆ ಇದೆ. ನಿಮ್ಮ ರಕ್ತದಲ್ಲೂ ಅದು ತುಂಬಿದ್ದರೆ ಲೆಕ್ಕ ಕೆಡುತ್ತದೆ: ಟಿಎಸ್‌ಎಚ್ ಸುಳ್ಳು ಸುಳ್ಳೇ ಕಡಿಮೆ, ಫ್ರೀ ಟಿ4 ಸುಳ್ಳು ಸುಳ್ಳೇ ಜಾಸ್ತಿ. ನೋಡಿದವರಿಗೆ ಮಾತ್ರೆ ವಿಪರೀತ ಆಗಿದೆ ಅನ್ನಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಬೇಕು, ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲು. ನಿಲ್ಲಿಸಬೇಕಾದ ಮಾತ್ರೆ ಇದು ನೋಡಿ! ಇದನ್ನು ಯಾರೂ ನಿಲ್ಲಿಸಲ್ಲ.

ಸರಿ, ಎದುರು ವಾದ ಬಂದೇ ಬರುತ್ತದೆ. "ಎಲ್ಲರಿಗೂ ಜೀವನಪೂರ್ತಿ ಬೇಕಾಗಿಲ್ಲ, ನಮ್ಮ ಪರಿಚಯದವರಿಗೆ ಡಾಕ್ಟರೇ ನಿಲ್ಲಿಸಿದರು." ಹೌದು, ನಿಲ್ಲಿಸುತ್ತಾರೆ. ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತ, ವೈರಸ್ ಜ್ವರದ ಬೆನ್ನಲ್ಲೇ ಬರುವಂಥದ್ದು, ಇವು ಎಷ್ಟೋ ಜನರಲ್ಲಿ ತಾವಾಗಿ ಸರಿಹೋಗುತ್ತವೆ. ಟಿಎಸ್‌ಎಚ್ ಸ್ವಲ್ಪವೇ ಏರಿದ್ದವರಲ್ಲಿ ಕೆಲವರಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿದರೆ ಇಳಿದಿರುತ್ತದೆ. ವಯಸ್ಸಾದವರಲ್ಲಿ ಅದು ಸ್ವಲ್ಪ ಮೇಲಿರುವುದೇ ಸಹಜ. ಒಪ್ಪಿದೆ. ಆದರೆ ಅಂಥವರ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿದ್ದು ಕಾರಣ ನೋಡಿ, ಆಮೇಲೆ ಆರೆಂಟು ವಾರ ಬಿಟ್ಟು ಮತ್ತೆ ರಕ್ತ ನೋಡಿ. ನೀವು ನಿಲ್ಲಿಸಿದ್ದು ಪಿಡಿಎಫ್‌ನಲ್ಲಿ ದಪ್ಪಕ್ಷರ ಇಲ್ಲ ಅಂತ! ಹಶಿಮೊಟೊ ಅನ್ನೋ ಕಾಯಿಲೆ ಇದ್ದವರಿಗೆ ದೇಹವೇ ತನ್ನ ಗ್ರಂಥಿಯನ್ನು ಕೆಡಿಸಿರುತ್ತದೆ, ಆಪರೇಷನ್ ಆದವರಿಗೆ ಗ್ರಂಥಿಯೇ ಇರುವುದಿಲ್ಲ. ಇಲ್ಲದ ಗ್ರಂಥಿ ನಾರ್ಮಲ್ ಹೇಗಾಗುತ್ತೆ ಹೇಳಿ.

"ಜೀವನಪೂರ್ತಿ ಮಾತ್ರೆ ಅನ್ನೋದು ಈಗಿನ ಕಂಪನಿಗಳ ಆಟ" ಅನ್ನೋರಿಗೆ ಒಂದು ಹಳೆ ಕತೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅನ್ನೋ ಡಾಕ್ಟರು ಕುರಿಯ ಥೈರಾಯ್ಡಿನ ಸಾರವನ್ನು ಥೈರಾಯ್ಡ್ ಹಾರ್ಮೋನು ಸಾಲದೆ ನರಳುತ್ತಿದ್ದ ಒಬ್ಬ ಹೆಂಗಸಿಗೆ ಇಂಜೆಕ್ಷನ್ ಕೊಟ್ಟರು. ಆಗ ಆಕೆಗೆ 46 ವರ್ಷ. ಆಕೆ ಚೇತರಿಸಿಕೊಂಡರು, ಔಷಧಿ ಮುಂದುವರಿಸಿಕೊಂಡೇ 1919ರವರೆಗೆ ಬದುಕಿದರು. ಥೈರಾಕ್ಸಿನ್ (ಅದೇ ಟಿ4) ಅನ್ನೋದನ್ನು ಎಡ್ವರ್ಡ್ ಕೆಂಡಾಲ್ ಅನ್ನೋ ಅಮೆರಿಕದ ವಿಜ್ಞಾನಿ ಬೇರ್ಪಡಿಸಿದ್ದೇ 1914ರಲ್ಲಿ. ಅಂದರೆ ಈ ಮಾತ್ರೆ ಹುಟ್ಟುವ ಮೊದಲೇ ಜೀವನಪೂರ್ತಿ ಔಷಧಿ ಬೇಕು ಅಂತ ಗೊತ್ತಿತ್ತು.

ಇಷ್ಟೆಲ್ಲ ಬರೆಯೋಳು ನಾನು ಈ ಮಾತ್ರೆಯನ್ನು ಪ್ರೀತಿಸ್ತೀನಿ ಅಂದುಕೊಳ್ಳಬೇಡಿ. ದ್ವೇಷಿಸ್ತೀನಿ. ಎದ್ದ ಕೂಡಲೇ ಕಾಫಿ ಕುಡಿಯೋ ಹಾಗಿಲ್ಲ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ. ಎದುರಿಗೆ ಯಾರೋ ಹಾಯಾಗಿ ಗುಟುಕರಿಸುತ್ತಾ ಇದ್ದರೆ ಹೊಟ್ಟೆಕಿಚ್ಚು ಆಗುತ್ತೆ, ನಿಜವಾಗಲೂ. ಚಿಕ್ಕಮ್ಮನ ಆ ಮೆಸೇಜ್ ನೋಡಿದಾಗಲೂ ಸಿಟ್ಟಿಗಿಂತ ಮೊದಲು ಬಂದಿದ್ದು ಹೊಟ್ಟೆಕಿಚ್ಚೇ. ನನಗೂ ಒಂದು ದಿನ ಹೀಗೆ ಬರೆದು ಚಪ್ಪಾಳೆ ತಗೊಳ್ಳಬೇಕು ಅಂತ ಆಸೆ ಇಲ್ವಾ? ಇದೆ. ಆದರೆ ನನ್ನ ಗ್ರಂಥಿ ಹಾಳಾಗಿದೆ ಅಂತ ಆಂಟಿ-ಟಿಪಿಒ (ದೇಹವೇ ಥೈರಾಯ್ಡಿನ ವಿರುದ್ಧ ಮಾಡುವ ಪ್ರತಿಕಾಯದ ಪರೀಕ್ಷೆ) ಪಾಸಿಟಿವ್ ಬಂದಾಗಲೇ ಗೊತ್ತಾಗಿದೆ. (ಅದನ್ನು ಪದೇ ಪದೇ ಮಾಡಿಸುವ ಅಗತ್ಯವೂ ಇಲ್ಲ. ಒಮ್ಮೆ ಗೊತ್ತಾದ ಮೇಲೆ ಆ ಸಂಖ್ಯೆ ಮೇಲೆ ಕೆಳಗೆ ಆದರೂ ಡೋಸ್ ಬದಲಾಗಲ್ಲ.)

ನಾರ್ಮಲ್ ಬಂದರೂ ಸುಸ್ತು ಹೋಗದವರ ಕಷ್ಟ ಬೇರೆ. "ರಿಪೋರ್ಟ್ ಸರಿ ಇದೆಯಲ್ಲ, ಸೋಮಾರಿತನ ಬಿಡು" ಅನ್ನಿಸಿಕೊಳ್ಳೋದು ಎಷ್ಟು ಚುಚ್ಚುತ್ತೆ ಅಂತ ನನಗೆ ಗೊತ್ತು. ರಕ್ತಹೀನತೆ, ಬಿ12, ನಿದ್ದೆ, ಇವನ್ನೆಲ್ಲ ನೋಡಿಸಬೇಕು. ಎಲ್ಲ ಸುಸ್ತನ್ನೂ ಥೈರಾಯ್ಡ್ ತಲೆಗೆ ಕಟ್ಟಿ ಡೋಸ್ ಏರಿಸಿಕೊಳ್ಳೋದು, ನಾರ್ಮಲ್ ಬಂತು ಅಂತ ಡೋಸ್ ಬಿಡೋದು, ಎರಡೂ ಒಂದೇ ಜಾತಿಯ ತಪ್ಪು.

ಇನ್ನು ನಾರ್ಮಲ್ ರೇಂಜೇ ಅನ್ವಯಿಸದವರು ಇದ್ದಾರೆ. ಬಸುರಿಯರಿಗೆ ಅಳತೆ ಬೇರೆ. ಗರ್ಭ ನಿಂತ ಕೂಡಲೇ ಮಾತ್ರೆ ಸಾಮಾನ್ಯವಾಗಿ ಶೇ 25–30ರಷ್ಟು ಜಾಸ್ತಿ ಬೇಕಾಗುತ್ತದೆ, ಮೊದಲರ್ಧದಲ್ಲಿ ಸುಮಾರು ನಾಲ್ಕು ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ಹಳೆ ರಿಪೋರ್ಟ್ ನಾರ್ಮಲ್ ಇತ್ತು ಅಂತ ಕಾಯುತ್ತಾ ಕೂರಬಾರದು. ಥೈರಾಯ್ಡ್ ಕ್ಯಾನ್ಸರ್ ಆದ ಕೆಲವರಿಗೆ ಟಿಎಸ್‌ಎಚ್ ಬೇಕಂತಲೇ ಕೆಳಗೆ ಇಡುತ್ತಾರೆ. ಅವರ ರಿಪೋರ್ಟಿನಲ್ಲಿ ಕೆಂಪಕ್ಷರ ನೋಡಿ ನೆಂಟರು ಬೊಬ್ಬೆ ಹೊಡೆಯಬೇಕಾಗಿಲ್ಲ. ಪಿಟ್ಯುಟರಿಯೇ ಕೆಟ್ಟವರಲ್ಲಿ ಟಿಎಸ್‌ಎಚ್ ನಂಬುವ ಹಾಗೇ ಇಲ್ಲ, ಅವರಿಗೆ ಫ್ರೀ ಟಿ4 ನೋಡಬೇಕು.

ನಾನು ಈಗ ಪ್ರತಿ ರಿಪೋರ್ಟಿನ ಮೇಲೂ ಪೆನ್ನಿನಲ್ಲಿ ಬರೆದಿಡುತ್ತೇನೆ: ಆಗಿನ ಡೋಸ್ ಎಷ್ಟು, ಡೋಸ್ ಬದಲಾಗಿ ಎಷ್ಟು ವಾರ ಆಯ್ತು, ರಕ್ತ ಕೊಟ್ಟಿದ್ದು ಮಾತ್ರೆಗೆ ಮೊದಲಾ ಆಮೇಲಾ, ನಡುವೆ ಎಷ್ಟು ಮಾತ್ರೆ ತಪ್ಪಿತು. ಡಾಕ್ಟರು ಮೊದಲು ಓದೋದು ಅದನ್ನೇ.

ಮತ್ತೆ, ದಯವಿಟ್ಟು ಇನ್‌ಬಾಕ್ಸಿಗೆ ರಿಪೋರ್ಟಿನ ಫೋಟೋ ಕಳಿಸಬೇಡಿ. ನಿಮ್ಮ ಡೋಸ್ ಹೇಳೋ ಯೋಗ್ಯತೆ ನನಗಿಲ್ಲ, ಚಪ್ಪಾಳೆ ಹೊಡೆದ ನಮ್ಮ ನೆಂಟರಿಗಂತೂ ಮೊದಲೇ ಇಲ್ಲ.